ಆವಲಪ್ಪನವರ ಕಾಗದ, ಮುನಿಲಕ್ಷ್ಮಿಯ ಕೈ

ಬೆಳಗಿನ ಐದು ಗಂಟೆ. ಹೋಳೂರಿನಿಂದ ಎರಡು ಮೈಲಿ ಒಳಗಿರುವ ಹಳ್ಳಿಯಲ್ಲಿ ಮುನಿಲಕ್ಷ್ಮಿ ಹುಳುಮನೆಯ ಬಾಗಿಲನ್ನು ಸದ್ದಾಗದಂತೆ ತಳ್ಳುತ್ತಾರೆ. ಮೊಬೈಲಿನ ಬೆಳಕನ್ನು ಅಂಗೈಯಿಂದ ಅರ್ಧ ಮುಚ್ಚಿ ಸ್ಟ್ಯಾಂಡಿನ ಮೇಲೆ ಹಾಯಿಸುತ್ತಾರೆ. ನಿನ್ನೆ ಮಧ್ಯಾಹ್ನದವರೆಗೆ ಕರಕರನೆ ಸೊಪ್ಪು ಮೇಯುತ್ತಿದ್ದ ಸಾವಿರಾರು ರೇಷ್ಮೆ ಹುಳುಗಳು ಈಗ ತಲೆ ಎತ್ತಿಕೊಂಡು ಅಲುಗದೆ ಕೂತಿವೆ. ಹುಳು ಹಳೆಯ ಚರ್ಮ ಬಿಡುವ ಈ ಹೊತ್ತನ್ನು ಇಲ್ಲಿನ ರೈತರು ಜ್ವರ ಎನ್ನುತ್ತಾರೆ. ಇದು ನಾಲ್ಕನೆಯದು, ಗೂಡು ಕಟ್ಟುವ ಮುಂಚಿನ ಕೊನೆಯ ಜ್ವರ.

ಮುನಿಲಕ್ಷ್ಮಿ ಒಂದಿಷ್ಟು ಸುಣ್ಣದ ಪುಡಿ ಉದುರಿಸುತ್ತಾರೆ. ಐದು ನಿಮಿಷ ನಿಂತು ಕೇಳಿಸಿಕೊಳ್ಳುತ್ತಾರೆ. ಕೇಳಲು ಏನೂ ಇಲ್ಲ. ಅದೇ ಸರಿ ಎನ್ನುವಂತೆ ತಲೆಯಾಡಿಸಿ ಹೊರಗೆ ಬರುತ್ತಾರೆ.

"ಇವತ್ತು ಸೊಪ್ಪು ಕುಯ್ಯಂಗಿಲ್ಲ, ಹಾಕಂಗಿಲ್ಲ. ಸುಮ್ನೆ ಇರೋದೇ ಇವತ್ತಿನ ಕೆಲ್ಸ," ಎನ್ನುತ್ತಾರೆ ನಲವತ್ತಮೂರು ವರ್ಷದ ಅವರು. "ಅದು ಕಲಿಯಕ್ಕೇ ನಂಗೆ ಎರಡು ಬೆಳೆ ಹಾಳಾಯ್ತು."

ಏಳು ಗಂಟೆಗೆ ಕೈಕಾಲು ತೊಳೆದು, ತಲೆ ಬಾಚಿಕೊಂಡು, ಅದೇ ಬೀದಿಯ ಕೊನೆಯ ಮನೆಗೆ ಹೊರಡುತ್ತಾರೆ. ಅದು ಕವಿ ಆವಲಪ್ಪನವರ ಮನೆ. ಎಂಬತ್ತೊಂದು ವರ್ಷದ ಆವಲಪ್ಪ ಶ್ರೀನಿವಾಸಪುರ ತಾಲ್ಲೂಕಿನ ದನದ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ಕಾಂಪೌಂಡರ್ ಆಗಿದ್ದವರು. ಒಂಬತ್ತು ಕವನ ಸಂಕಲನ ಬಂದಿವೆ. ಮುಳಬಾಗಿಲು, ಮಾಲೂರು, ಬೆಂಗಳೂರು, ಧಾರವಾಡ ಎಲ್ಲ ಕಡೆಯಿಂದಲೂ ಅವರಿಗೆ ಇಂದಿಗೂ ಕಾಗದ ಬರುತ್ತವೆ. ಬಂದ ಪ್ರತಿ ಕಾಗದಕ್ಕೂ ಅಂದೇ ಉತ್ತರ ಹೋಗುತ್ತದೆ. ಅಕ್ಷರ ದುಂಡಗೆ, ಸಾಲು ನೆಟ್ಟಗೆ. ಕವಿಯ ಕೈಬರಹ ಎಷ್ಟು ಚೆನ್ನ ಎಂದು ಹೊಗಳಿದವರು ಬಹಳ ಮಂದಿ. ಆವಲಪ್ಪನವರ ಕೈ ನಡುಗಲು ಶುರುವಾಗಿ ಹನ್ನೊಂದು ವರ್ಷವಾಯಿತು. ನಾಲ್ಕು ವರ್ಷದಿಂದ ಕಣ್ಣೂ ಅಕ್ಷರ ಹಿಡಿಯುತ್ತಿಲ್ಲ. ಹೊಗಳಿದವರೆಲ್ಲ ಹೊಗಳಿದ್ದು ಮುನಿಲಕ್ಷ್ಮಿಯ ಕೈಯನ್ನು.

ಆಂಧ್ರದ ಗಡಿಗೆ ಅಂಟಿಕೊಂಡ ಮುಳಬಾಗಿಲು ಕಡೆಯ ಹಳ್ಳಿ ಅವರ ತವರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಯಿತು, ಹದಿನೆಂಟಕ್ಕೆ ಮದುವೆಯಾಯಿತು. ಈ ಊರಿಗೆ ಬಂದ ಮೇಲೆ ಬರೆಯಲು ಸಿಕ್ಕಿದ್ದು ಮಹಿಳಾ ಸಂಘದ ನಡಾವಳಿ ಪುಸ್ತಕ ಒಂದೇ. ಸಂಘದ ವಾರ್ಷಿಕೋತ್ಸವಕ್ಕೆ ಭಾಷಣಕ್ಕೆ ಕರೆಯಲು ಹೋದಾಗ ಆ ಪುಸ್ತಕ ಆವಲಪ್ಪನವರ ಕೈಗೆ ಬಿತ್ತು. ಆಗಿನ್ನೂ ಅವರಿಗೆ ಕಣ್ಣು ಕಾಣುತ್ತಿತ್ತು. ತಿರುವುತ್ತ ಒಂದು ಕಡೆ ನಿಂತರು. ಹಾಜರಾತಿ, ಠರಾವು ಎಲ್ಲ ಆದ ಮೇಲೆ ಕೊನೆಯಲ್ಲಿ ಒಂದು ಸಾಲಿತ್ತು: "ಇಂದಿನ ಸಭೆಯಲ್ಲಿ ಅಂಜಮ್ಮ ಮಾತಾಡಲಿಲ್ಲ."

"ಮಾತಾಡಿದ್ದನ್ನ ಎಲ್ಲಾರೂ ಬರೀತಾರೆ. ಮಾತಾಡದೇ ಇದ್ದಿದ್ದನ್ನ ಬರ್ದೋಳು ಇವಳೊಬ್ಬಳೇ," ಎಂದು ಆವಲಪ್ಪ ಇಂದಿಗೂ ಹೇಳುತ್ತಾರೆ. ಆ ವರ್ಷವೇ ಅವರ ಕೈ ನಡುಗತೊಡಗಿತ್ತು. ಹೇಳಿಕಳಿಸಿದರು. ಸಂಬಳ ಬೇಡವೆಂದರು ಮುನಿಲಕ್ಷ್ಮಿ. ಹಿತ್ತಲಿನ ಅರ್ಧ ಎಕರೆ ಹಿಪ್ಪುನೇರಳೆ ಸೊಪ್ಪು ನಿನ್ನದೇ ಎಂದರು ಕವಿಯ ಹೆಂಡತಿ ಶಾಮಲಮ್ಮ. ಅಲ್ಲಿಗೆ ಆ ಮಾತು ಮುಗಿಯಿತು.

ಈಗ ದಿನಕ್ಕೆ ನಾಲ್ಕರಿಂದ ಆರು ಕಾಗದ. ಯುಗಾದಿ, ರಾಜ್ಯೋತ್ಸವದ ಹೊತ್ತಿಗೆ ಹದಿನೈದು. ಬಂದ ತಾರೀಖು, ಹೋದ ತಾರೀಖು, ಹೆಸರು, ಊರು ಬರೆದಿಟ್ಟ ಉದ್ದ ನೋಟ್‌ಬುಕ್ಕುಗಳು ಹದಿನಾಲ್ಕು. ಮಾಲೂರಿನಲ್ಲಿ ಇಟ್ಟಿಗೆ ಗೂಡು ನಡೆಸುತ್ತಿದ್ದ ಗೆಳೆಯ ಮುನಿಶಾಮಿಯವರಿಂದ ವಾರಕ್ಕೊಂದು ಕಾರ್ಡು ತಪ್ಪದು. ಬಾದಾಮಿ ಹೆಚ್ಚೋ ಮಲ್ಲಿಕಾ ಹೆಚ್ಚೋ ಎಂದು ಇಬ್ಬರೂ ಇಪ್ಪತ್ತು ವರ್ಷದಿಂದ ಮಾವಿನ ಹಣ್ಣಿನ ಜಗಳ ಆಡುತ್ತಿದ್ದಾರೆ. ಪ್ರಕಾಶಕರಿಗೆ ಹೋಗುವುದು ಒಂದೇ ಸಾಲು. ಪದ್ಯದಲ್ಲಿ ಎರಡು ಸಾಲು ಬಿಟ್ಟಿದ್ದೇವೆ ಎಂದು ಒಬ್ಬರು ಬರೆದಾಗ ಹೋದ ಉತ್ತರ: "ಬಿಟ್ಟಿದ್ದನ್ನು ಹಾಕಿ." ಓದುಗರಿಗೆ ಬರೆಯುವಾಗ ಮಾತ್ರ ಒಂದು ನಿಯಮ. ಕೊನೆಯಲ್ಲಿ ಒಂದು ಪ್ರಶ್ನೆ ಇರಲೇಬೇಕು. "ಪ್ರಶ್ನೆ ಇದ್ರೆ ತಿರುಗಾ ಬರೀತಾರೆ ಕಣಮ್ಮಾ. ಇಲ್ಲಾಂದ್ರೆ ನಮಸ್ಕಾರ ಅಂತ ಹೊಂಟೋಗ್ತಾರೆ," ಎನ್ನುತ್ತಾರೆ ಆವಲಪ್ಪ.

ಕೆಲಸ ನಡೆಯುವ ರೀತಿ ಹೀಗೆ. ಮುನಿಲಕ್ಷ್ಮಿ ಕಾಗದ ಓದುತ್ತಾರೆ. ಆವಲಪ್ಪ ಕಣ್ಣು ಮುಚ್ಚಿ ಕೇಳುತ್ತಾರೆ. ಪ್ರೀತಿ ಬಂದರೆ ಅವರ ಬಾಯಲ್ಲಿ ತೆಲುಗು, ಸಿಟ್ಟು ಬಂದರೆ ಕನ್ನಡ.

"ಅಮ್ಮಾಯಿ, ಬಾಗುನ್ನಾವಾ ಅನಿ ಅಡುಗು."

"ಕ್ಷೇಮವೇ ಅಂತ ಬರ್ದೆ ತಾತ."

"ಕ್ಷೇಮ ಅಂತೆ! ನಾನೇನು ತಾಸೀಲ್ದಾರನಾ? ಚೆನ್ನಾಗಿದೀಯಾ ಅಂತ ಬರಿ."

ಮನೆಮಾತಿನ ತೆಲುಗು ಕಾಗದದ ಕನ್ನಡವಾಗುವುದು ಮುನಿಲಕ್ಷ್ಮಿಯ ಕೈಯಲ್ಲಿ. ಕೆಳಗೆ "ಆವಲಪ್ಪ" ಎಂದು ಬರೆಯುವುದೂ ಅದೇ ಕೈ. ವೇಮಗಲ್ಲಿನ ಕಂಪನಿಯೊಂದರಲ್ಲಿ ಸೆಕ್ಯುರಿಟಿ ಕೆಲಸ ಮಾಡುವ ಗಂಡ ನರಸಿಂಹಪ್ಪನವರದು ಒಂದೇ ದೂರು. "ರಾಜ್ಯಕ್ಕೆಲ್ಲ ಬರೀತಾಳೆ. ನಂಗೊಂದು ಕಾರ್ಡ್ ಹಾಕಿಲ್ಲ."

ಮೂರು ವರ್ಷದ ಹಿಂದೆ ಆವಲಪ್ಪ ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಕೋಲಾರದ ಆಸ್ಪತ್ರೆಯಲ್ಲಿ ನಲವತ್ತು ದಿನ. ಯಾರಿಗೂ ತಿಳಿಸಬೇಡ, ಬಂದು ಮುತ್ತಿಕೊಳ್ಳುತ್ತಾರೆ ಎಂದು ಶಾಮಲಮ್ಮ ಕಟ್ಟಪ್ಪಣೆ ಮಾಡಿದ್ದರು. ಕಾಗದಗಳು ಬರುತ್ತಲೇ ಇದ್ದವು. ಅಂದಂದಿನದಕ್ಕೆ ಅಂದೇ ಉತ್ತರ ಎಂಬ ಮಾತು ತಪ್ಪಬಾರದು. ಮುನಿಲಕ್ಷ್ಮಿ ಖಾಲಿ ಈಸಿಚೇರಿನ ಎದುರು ಒಬ್ಬರೇ ಕೂತು ಅರವತ್ತೆರಡು ಉತ್ತರ ಬರೆದರು.

"ಅರವತ್ತೊಂದು ತಾತ ಏನು ಹೇಳ್ತಿದ್ರೋ ಅದನ್ನೇ ಬರ್ದೆ. ಕಿವೀಲಿ ಕೂತೈತಲ್ಲ ಅವರ ದನಿ," ಎನ್ನುತ್ತಾರೆ. "ಒಂದು ಮಾತ್ರ ಹಂಗೆ ಬರಿಯಕ್ಕಾಗ್ಲಿಲ್ಲ."

ಆ ಒಂದು ಕಾಗದ ನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವ ತ್ರಿವೇಣಿ ಎಂಬ ಹುಡುಗಿಯದು. ಪಿಯುಸಿಯಿಂದ ಪದ್ಯ ಬರೆಯುತ್ತಿದ್ದವಳಿಗೆ ಐದು ತಿಂಗಳಿಂದ ಒಂದು ಸಾಲೂ ಬಂದಿರಲಿಲ್ಲ. "ನನ್ನೊಳಗೆ ಅದು ಸತ್ತೇಹೋಗಿದೆ ಅನ್ನಿಸುತ್ತೆ ಸಾರ್. ನೋಟ್‌ಬುಕ್ ಒಲೆಗೆ ಹಾಕಿಬಿಡಲಾ?" ಎಂದು ಕೇಳಿದ್ದಳು. ಇಂಥ ಪ್ರಶ್ನೆಗೆ ಆವಲಪ್ಪನವರ ಉತ್ತರ ಮುನಿಲಕ್ಷ್ಮಿಗೆ ಬಾಯಿಪಾಠ. ಹತ್ತಾರು ಹುಡುಗರಿಗೆ ಅದನ್ನೇ ಬರೆದು ಕಳಿಸಿದ್ದರು: "ನೀನು ಬರೆಯದಿದ್ದರೆ ಕನ್ನಡಕ್ಕೇನೂ ನಷ್ಟವಿಲ್ಲ. ನಿನಗೆ ನಷ್ಟವಾಗುತ್ತದೆಯೇ ನೋಡಿಕೋ." ಅಂದೂ "ನೀನು ಬರೆಯದಿದ್ದರೆ" ಎಂದು ಶುರುಮಾಡಿದರು. ಪೆನ್ನು ಅಲ್ಲೇ ನಿಂತಿತು. ಅಂದು ಮನೆಯಲ್ಲಿ ಹುಳು ಜ್ವರಕ್ಕೆ ಕೂತಿದ್ದವು. ಆ ಹಾಳೆ ಹರಿದು ಬೇರೊಂದರ ಮೇಲೆ ಹೀಗೆ ಬರೆದರು:

"ನೋಟ್‌ಬುಕ್ ಒಲೆಗೆ ಹಾಕಬೇಡ. ರೇಷ್ಮೆ ಹುಳು ಜ್ವರಕ್ಕೆ ಕೂತಾಗ ಸೊಪ್ಪು ಮುಟ್ಟುವುದಿಲ್ಲ. ತಲೆ ಎತ್ತಿ ಕಲ್ಲಿನ ಹಾಗೆ ಕೂತುಬಿಡುತ್ತದೆ. ಮೊದಲ ಸಲ ಸಾಕಿದಾಗ ಸತ್ತವೆಂದು ಹೆದರಿ, ಬೆಳಗಿನ ಜಾವ ಎದ್ದು ಮೇಲಿಂದ ಮೇಲೆ ಸೊಪ್ಪು ಹಾಕಿದೆ. ಸೊಪ್ಪಿನಡಿ ಸಿಕ್ಕಿ ಬಹಳ ಹುಳು ಹಾಳಾದವು. ಅವು ಸಾಯುತ್ತಿರಲಿಲ್ಲ, ಚರ್ಮ ಬಿಡುತ್ತಿದ್ದವು. ಆ ಹೊತ್ತಿನಲ್ಲಿ ಒಂದಿಷ್ಟು ಸುಣ್ಣ ಉದುರಿಸಿ, ಬಾಗಿಲು ಮುಂದೆ ಮಾಡಿಕೊಂಡು ಈಚೆ ಬರಬೇಕು, ಅಷ್ಟೇ. ಎದ್ದಾಗ ಅವೇ ಕೇಳುತ್ತವೆ. ಈಗ ಸೊಪ್ಪು ಹಾಕಬೇಡ. ನಿಮ್ಮ ಹಾಸ್ಟೆಲಿನಲ್ಲಿ ಊಟ ಸರಿಯಾಗಿ ಕೊಡುತ್ತಾರಾ?"

ಕೆಳಗೆ ಎಂದಿನಂತೆ "ಆವಲಪ್ಪ" ಎಂದು ಬರೆದು ಅಂಚೆಗೆ ಹಾಕಿದರು. ತಾತ ಮನೆಗೆ ಬಂದ ಮೇಲೆ ಅರವತ್ತೆರಡು ಹೆಸರನ್ನೂ ಓದಿ ಹೇಳಿದರು. ಈ ಕಾಗದದಲ್ಲಿ ಏನಿತ್ತು ಎಂದು ಹೇಳಲಿಲ್ಲ. ತ್ರಿವೇಣಿ ಮಾತ್ರ ಮತ್ತೆ ಬರೆಯತೊಡಗಿದಳು. ಎರಡು ಪತ್ರಿಕೆಗಳಲ್ಲಿ ಅವಳ ಪದ್ಯ ಬಂದವು. ಪ್ರತಿ ಕಾಗದದಲ್ಲೂ "ನಿಮ್ಮ ಆ ಮಾತಿನಿಂದ" ಎನ್ನುತ್ತಿದ್ದಳು. ಯಾವ ಮಾತು ಎಂದು ಆವಲಪ್ಪ ಕೇಳಲಿಲ್ಲ. ತನಗೆ ವಯಸ್ಸಾಯಿತು, ಹೇಳಿ ಮರೆತಿರಬೇಕು ಎಂದುಕೊಂಡಿದ್ದರು.

ಕಳೆದ ತಿಂಗಳು ಬೆಂಗಳೂರಿನಿಂದ ಒಂದು ದಪ್ಪ ಲಕೋಟೆ ಬಂತು. ಆವಲಪ್ಪನವರ ಪತ್ರಗಳನ್ನು ಪುಸ್ತಕ ಮಾಡಲು ಹೊರಟಿರುವ ಸಂಪಾದಕ ಚಂದ್ರಮೋಹನ್ ಅವರದು. ಓದುಗರಿಂದ ತೊಂಬತ್ತು ಪತ್ರ ಸಿಕ್ಕಿವೆ, ಮೂರು ಅಡಿಟಿಪ್ಪಣಿಗೆ ವಿವರ ಬೇಕು ಎಂದು ಬರೆದಿದ್ದರು. ಮೂರನೆಯದು ಹೀಗಿತ್ತು: "ತ್ರಿವೇಣಿಯವರಿಗೆ ಬರೆದ ಪತ್ರ ಇಡೀ ಸಂಕಲನಕ್ಕೆ ಕಳಶ. ಪುಸ್ತಕಕ್ಕೆ 'ಈಗ ಸೊಪ್ಪು ಹಾಕಬೇಡ' ಎಂದೇ ಹೆಸರಿಡುತ್ತಿದ್ದೇವೆ. ತಾವು ರೇಷ್ಮೆ ಹುಳು ಸಾಕಿದ್ದು ಯಾವ ವರ್ಷಗಳಲ್ಲಿ?" ಜೊತೆಗೆ ಆ ಪತ್ರದ ಜೆರಾಕ್ಸ್ ಇತ್ತು.

ಓದಿ ಹೇಳಬೇಕಾದವರು ಮುನಿಲಕ್ಷ್ಮಿಯೇ. ಕೇಳುವವರಿಗೆ ಕಣ್ಣಿಲ್ಲ. ಮೊದಲ ಎರಡು ಪ್ರಶ್ನೆ ಓದಿ, ಇಷ್ಟೇ ತಾತ ಎಂದು ಮಡಿಸಿಟ್ಟರು. ಇಷ್ಟು ವರ್ಷದಲ್ಲಿ ಅವರು ಓದದೆ ಬಿಟ್ಟ ಸಾಲುಗಳು ಅವಷ್ಟೇ. ಮೂರು ದಿನ ಅದನ್ನು ಮತ್ತೆ ತೆಗೆಯಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಕೂತವರೇ ಆ ಕಾಗದ ಬಿಚ್ಚಿ ಓದಿಬಿಟ್ಟರು.

ಆವಲಪ್ಪ ಅಡುಗೆ ಮನೆಯ ಕಡೆ ತಿರುಗಿದರು. "ಶಾಮಲಾ, ನಾನು ಯಾವಾಗ್ಲಾದ್ರೂ ಹುಳು ಸಾಕಿದ್ನಾ?"

"ನೀವಾ? ಒಂದು ಬೆಕ್ಕು ಸಾಕಕ್ಕಾಗ್ಲಿಲ್ಲ ನಿಮ್ಮ ಕೈಲಿ!"

ಜೆರಾಕ್ಸ್ ಓದಿಸಿಕೊಂಡರು. ಇನ್ನೊಂದು ಸಲ ಓದಿಸಿಕೊಂಡರು.

"ಇದು ನಾನು ಹೇಳಿದ್ದಲ್ಲ."

"ಅಲ್ಲ ತಾತ. ತಪ್ಪಾಯ್ತು."

"ನಾನಾಗಿದ್ರೆ ಏನು ಹೇಳ್ತಿದ್ದೆ?"

"ಕನ್ನಡಕ್ಕೇನೂ ನಷ್ಟ ಇಲ್ಲ ಅಂತಿದ್ರಿ."

"ಹೂಂ. ಆ ಹುಡುಗಿ ಒಲೆಗೆ ಹಾಕಿರೋಳು."

ಪತ್ರದ ಕೆಳಗೆ ನಿನ್ನ ಹೆಸರು ಬರಬೇಕು ಎಂದು ಆವಲಪ್ಪ ಪಟ್ಟು ಹಿಡಿದರು. ಪತ್ರವನ್ನೇ ಪುಸ್ತಕದಿಂದ ತೆಗೆಸಿ ಎಂದು ಮುನಿಲಕ್ಷ್ಮಿ ಅಂಗಲಾಚಿದರು. ಹೆದರಿಕೆ ತನ್ನ ಹೆಸರಿನದಲ್ಲ, ಆ ಹುಡುಗಿಯದು. "ಅವಳು ನಂಬಿರೋದು ನಿಮ್ಮನ್ನ ತಾತ. ಸೊಪ್ಪು ಕುಯ್ಯೋಳು ಬರ್ದಿದ್ದು ಅಂತ ಗೊತ್ತಾಗಿ ಪೆನ್ನು ಎತ್ತಿ ಇಟ್ಬಿಟ್ರೆ?"

"ಹಂಗಾದ್ರೆ ಅವಳನ್ನೇ ಕೇಳು. ನಿನ್ನ ಹೆಸರಲ್ಲಿ ಬರಿ."

ಯಾವ ಕಾಗದಕ್ಕೂ ಹತ್ತು ನಿಮಿಷ ಸಾಕಿತ್ತು. ಇದಕ್ಕೆ ಮೂರು ದಿನ ಹಿಡಿಯಿತು. "ಎಲ್ಲಾ ಬರ್ದೆ. ಕೊನೇಲಿ ಇಂತಿ ಅಂತ ಬರ್ದು ಕೂತ್ಕೊಂಡೆ. ಕೈ ತಾನಾಗೇ 'ಆ' ಅಂತ ತಿದ್ದಕ್ಕೆ ಹೋಗ್ತೈತೆ!" ಎಂದು ಮುನಿಲಕ್ಷ್ಮಿ ಈಗ ನಗುತ್ತಾರೆ. ಆಗ ನಕ್ಕಿರಲಿಲ್ಲ. ಎಂಟು ದಿನ ಉತ್ತರ ಬರಲಿಲ್ಲ. ಅಂಚೆಯ ಕದಿರೇಶ್ ಸೈಕಲ್ ನಿಲ್ಲಿಸುವ ಸದ್ದಿಗೇ ಮುನಿಲಕ್ಷ್ಮಿ ಎದ್ದು ಬಾಗಿಲಿಗೆ ಬರುತ್ತಿದ್ದರು. ಏನೂ ಇಲ್ಲ ಕಣಕ್ಕಾ ಎಂದು ಅವರು ದೂರದಿಂದಲೇ ಕೈಯಾಡಿಸುತ್ತಿದ್ದರು.

ಒಂಬತ್ತನೇ ದಿನ ಇನ್‌ಲ್ಯಾಂಡ್ ಲೆಟರ್ ಬಂತು. ಮೇಲೆ "ಶ್ರೀಮತಿ ಮುನಿಲಕ್ಷ್ಮಿ ಅವರಿಗೆ" ಎಂದಿತ್ತು. ಆ ಮನೆಯ ವಿಳಾಸಕ್ಕೆ ಆ ಹೆಸರಿನಲ್ಲಿ ಬಂದ ಮೊದಲ ಕಾಗದ.

"ಅಕ್ಕಾ, ನಿಮ್ಮ ಮೇಲೆ ಸಿಟ್ಟು ಬಂತು. ಮೂರು ವರ್ಷ ಸಾರ್ ಸಾರ್ ಅಂತ ಬರೆದಿದ್ದೆ. ರೂಮಿನಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ನಾಲ್ಕು ದಿನ ಬಿಟ್ಟು ಆ ಹಳೆ ಕಾಗದ ತೆಗೆದು ಓದಿದೆ. ಅದೇನೂ ಬದಲಾಗಿರಲಿಲ್ಲ. ಅವತ್ತು ನನಗೆ ಏನು ಹೇಳಿತ್ತೋ ಅದನ್ನೇ ಹೇಳಿತು. ಪುಸ್ತಕಕ್ಕೆ ಹಾಕಲಿ, ನಿಮ್ಮ ಹೆಸರಲ್ಲೇ. ಹುಳು ಮತ್ತೆ ಯಾವಾಗ ಜ್ವರಕ್ಕೆ ಕೂರುತ್ತೆ? ನಾನು ಕಣ್ಣಾರೆ ನೋಡಬೇಕು."

ಕೊನೆಯಲ್ಲಿ ಪ್ರಶ್ನೆ ಇಟ್ಟಿದ್ದಾಳೆ ನೋಡು, ನಮ್ಮ ಮನೆ ಹುಡುಗಿ ಎಂದರಂತೆ ಆವಲಪ್ಪ. ಇಂದು ಭಾನುವಾರ ಅಲ್ಲದಿದ್ದರೂ ತ್ರಿವೇಣಿಗೆ ವಾರದ ರಜೆ. ಮಧ್ಯಾಹ್ನದ ಬಸ್ಸಿಗೆ ಬರುತ್ತಾಳೆ. ಅದಕ್ಕೇ ಮುನಿಲಕ್ಷ್ಮಿ ಬೆಳಿಗ್ಗೆ ಅಷ್ಟು ಎಚ್ಚರದಿಂದ ಬಾಗಿಲು ತಳ್ಳಿದ್ದು.

ಅದಕ್ಕೆ ಮೊದಲು ಒಂದು ಕೆಲಸ ಬಾಕಿ ಇದೆ, ಚಂದ್ರಮೋಹನರಿಗೆ ಮೂರನೇ ಅಡಿಟಿಪ್ಪಣಿ. ಆವಲಪ್ಪ ಹೇಳುತ್ತಾರೆ. ಮುನಿಲಕ್ಷ್ಮಿ ತಲೆ ಬಗ್ಗಿಸಿ ಕಾರ್ಡಿನಲ್ಲಿ ಬರೆಯುತ್ತಾರೆ. ಅಷ್ಟರಲ್ಲಿ ಕದಿರೇಶ್ ಬರುತ್ತಾರೆ.

"ಏನ್ಲಾ ಕದಿರೇಶಾ, ಆ ಕಾರ್ಡು ಓದು. ನಂಗೆ ಇವಳ ಮೇಲೆ ಅನುಮಾನ."

ಕದಿರೇಶ್ ಗಂಟಲು ಸರಿಮಾಡಿಕೊಂಡು ಓದುತ್ತಾರೆ. "ಈ ಪತ್ರ ಬರೆದವರು ನಮ್ಮ ಮನೆಯವರೊಬ್ಬರು..."

"ಕಳ್ಳಿ!" ಆವಲಪ್ಪ ಕುರ್ಚಿಯ ಕೈ ಬಡಿಯುತ್ತಾರೆ. ಒಳಗಿನಿಂದ ಶಾಮಲಮ್ಮನವರ ನಗು ಕೇಳುತ್ತದೆ. "ಬೇರೆ ಕಾರ್ಡು ತಗೋ. ಹೆಸರು ಹಾಕು. ಹುಳು ಸಾಕಿದ್ದು ಯಾವಾಗ ಅಂತ ಕೇಳವ್ರಲ್ಲ, ಅದು ನಂಗೆ ಗೊತ್ತಿಲ್ಲ. ಅದನ್ನ ನೀನೇ ಬರಿ. ನಾನು ಹೇಳ್ಕೊಡಲ್ಲ."

ಮುನಿಲಕ್ಷ್ಮಿ ಹೊಸ ಕಾರ್ಡು ತೆಗೆದುಕೊಳ್ಳುತ್ತಾರೆ. ಜಗಲಿಯಲ್ಲಿ ಪೆನ್ನಿನ ಸದ್ದು ಮಾತ್ರ ಕೇಳುತ್ತದೆ. ಬರೆದು ಮುಗಿಸಿ, ಕದಿರೇಶ್ ಕೈಗೆ ಕೊಡದೆ, ತಾವೇ ಗಟ್ಟಿಯಾಗಿ ಓದುತ್ತಾರೆ:

"ಈ ಪತ್ರ ಬರೆದವಳು ಮುನಿಲಕ್ಷ್ಮಿ. ಹುಳು ಸಾಕಿದ್ದು ಯಾವಾಗ ಎಂದು ಕೇಳಿದ್ದೀರಿ. ಇಪ್ಪತ್ತಮೂರು ವರ್ಷದಿಂದ. ಈ ಬೆಳಿಗ್ಗೆಯೂ."