ಕ್ಯಾಮೆರಾದ ಹಣೆಗಿಟ್ಟ ಕುಂಕುಮ

ಒಂದು ಬೊಟ್ಟು ಕುಂಕುಮದಿಂದ ನಾನು ಒಬ್ಬರ ಜೀವ ತೆಗೆಯುವವಳಿದ್ದೆ. ಅವರು ಬದುಕಿದ್ದಾರೆ, ಓಡಾಡುತ್ತಿದ್ದಾರೆ, ಕಳೆದ ಭಾನುವಾರ ನನ್ನನ್ನು ಚೆನ್ನಾಗಿ ಗೇಲಿಯನ್ನೂ ಮಾಡಿದರು. ಆದರೂ ಮಾರೇನಹಳ್ಳಿಯ ಅಂಗಡಿ ಬೀದಿಯಲ್ಲಿ ಹಿಂದಿನಿಂದ ಒಂದು ಸ್ಕೂಟರ್ ಜೋರಾಗಿ ಬಂದರೆ ನಾನು ತರಕಾರಿ ಚೀಲ ಬಿಟ್ಟು ಗೋಡೆಗೆ ಒತ್ತಿಕೊಳ್ಳುತ್ತೇನೆ. ತರಗತಿಯಲ್ಲಿ ಯಾರಾದರೂ ಬೆಂಚು ಎಳೆದರೆ ಬೋರ್ಡಿನ ಮೇಲೆ ಬರೆಯುತ್ತಿದ್ದ ಕೈ ನಿಂತುಬಿಡುತ್ತದೆ. ಕಾಡುಹಂದಿ ಕೋರೆ ಮಸೆಯುವ ಸದ್ದು ಬೆಂಚು ಎಳೆಯುವ ಸದ್ದಿನ ಹಾಗೇ ಇರುತ್ತದೆ ಎಂದು ಮಕ್ಕಳಿಗೆ ಹೇಗೆ ಹೇಳಲಿ?

ವಿಜಯನಗರದ ಒಂದು ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮನೆ ಗೋವಿಂದರಾಜನಗರದಲ್ಲಿ. ಭಾನುವಾರ ಬೆಳಿಗ್ಗೆ ಮೆಟ್ರೋ ಹಿಡಿದು ಕೆಂಗೇರಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಕುರುಚಲು ಕಾಡಿನ ಅಂಚಿಗೆ ಹೋಗುವುದು ನನಗೆ ಕೆಲವು ವರ್ಷಗಳಿಂದ ಅಭ್ಯಾಸ. ಹೊಸ ಬಡಾವಣೆಗಳ ನಡುವೆ ಉಳಿದುಕೊಂಡಿರುವ ಆ ಕಾಡಿನಲ್ಲಿ ಜಿಂಕೆ, ಹಂದಿ, ಮೊಲಗಳು ಯಾವ ದಾರಿಯಲ್ಲಿ ಓಡಾಡುತ್ತವೆ ಎಂದು ಗುರುತು ಹಾಕುವ ಕೆಲಸ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಇದೆ, ನಾಲ್ಕು ಕ್ಯಾಮೆರಾಗಳಿವೆ. ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಪಟ್ಟಿಯಿಂದ ಮರಕ್ಕೆ ಕಟ್ಟಿ ಬಂದರೆ ಸಾಕು, ಎದುರಿಗೆ ಬಿಸಿ ಮೈಯ ಪ್ರಾಣಿ ಹಾದಾಗ ತಾನೇ ಫೋಟೋ ತೆಗೆಯುತ್ತದೆ. ಹಗಲಾಗಲಿ ರಾತ್ರಿಯಾಗಲಿ.

ಹೊರದೇಶಗಳಲ್ಲಿ ಇಂಥ ಕ್ಯಾಮೆರಾಗಳನ್ನು ಬೇಟೆಯವರೂ ಕೊಳ್ಳುತ್ತಾರೆ. ಜಿಂಕೆ ಯಾವ ಹೊತ್ತಿಗೆ, ಯಾವ ದಾರಿಗೆ ಬರುತ್ತದೆಂದು ಮೊದಲೇ ನೋಡಿಕೊಂಡು, ಆಮೇಲೆ ಬಂದೂಕು ಹಿಡಿದು ಹೋಗುತ್ತಾರೆ. ಯಜಮಾನರಿಗೆ ಇದನ್ನು ಹೇಳಿದಾಗ ಅವರು ನಕ್ಕಿದ್ದರು.

"ನಾನು ಮಾಡ್ತಿದ್ದಿದ್ದೂ ಅದೇ ಅಲ್ವಾ ಟೀಚರಮ್ಮ. ಬ್ಯಾಟ್ರಿ ಇರ್ನಿಲ್ಲ, ಅಷ್ಟೇಯ."

ಯಜಮಾನರು ಎಂದು ನಾನು ಕರೆಯುವುದು ಆ ಕಾಡಿಗೆ ಅಂಟಿಕೊಂಡಿರುವ ಹಳೆಯ ಊರಿನ ಒಬ್ಬ ಹಿರಿಯರನ್ನು. ಎಪ್ಪತ್ತರ ಆಸುಪಾಸು. ಹೊಲದ ಬಹುಪಾಲು ಸೈಟುಗಳಾಗಿವೆ. ಉಳಿದ ಒಂದು ತುಂಡಿನಲ್ಲಿ ಈಗಲೂ ರಾಗಿ ಹಾಕುತ್ತಾರೆ. ಹುಡುಗನಾಗಿದ್ದಾಗ ಅಪ್ಪನ ಜೊತೆ ಬೇಟೆಗೆ ಜಾಡು ನೋಡಿದವರು. ಪೇಟೆಯಿಂದ ಜೀಪಿನಲ್ಲಿ ಬರುತ್ತಿದ್ದವರಿಗೆ, ಇಂಥ ಪೊದೆಯಲ್ಲಿ ಹಂದಿ ಮಲಗಿದೆ, ಇಂಥ ಹೊಂಡಕ್ಕೆ ಜಿಂಕೆ ಇಳಿಯುತ್ತದೆ ಎಂದು ತೋರಿಸಿದರೆ ಮಾಂಸದಲ್ಲಿ ಒಂದು ಪಾಲು ಸಿಗುತ್ತಿತ್ತಂತೆ. ಬೇಟೆ ನಿಷೇಧದ ಕಾನೂನು ಬಂದ ಮೇಲೂ ಕೆಲವು ಕಾಲ ಅದು ನಡೆಯಿತು ಎಂಬುದನ್ನು ಅವರು ಮುಚ್ಚಿಡಲಿಲ್ಲ. ಒಮ್ಮೆ ಅವರು ತೋರಿಸಿದ ದಾರಿಯಲ್ಲಿ ಬಿದ್ದದ್ದು ಗಬ್ಬದ ಜಿಂಕೆ. ಅದಾದ ಮೇಲೆ ಯಾರಿಗೂ ಜಾಡು ಹೇಳಲಿಲ್ಲ. ನನಗೆ ಹೇಳಿದರು. ಹಣ ತೆಗೆದುಕೊಳ್ಳಿ ಎಂದರೆ, "ಮನೆ ಬಾಡಿಗೆ ಬತ್ತೈತೆ ಬಿಡವ್ವ" ಎಂದರು.

ಮೊದಲ ತಿಂಗಳು ನಾನು ಕ್ಯಾಮೆರಾವನ್ನು ಎದೆಯೆತ್ತರಕ್ಕೆ, ಪೂರ್ವಕ್ಕೆ ಮುಖ ಮಾಡಿ ಕಟ್ಟಿದ್ದೆ. ಸಿಕ್ಕಿದ್ದೆಲ್ಲ ಸೂರ್ಯೋದಯ ಮತ್ತು ಅಲ್ಲಾಡುವ ಹುಲ್ಲು. ಅವರು ಬಂದು ನೋಡಿ, "ಇದೇನು ಮನುಷ್ರ ಮದ್ವೆ ಫೋಟೋನಾ?" ಎಂದು ಪೆಟ್ಟಿಗೆಯನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿದರು. ಬಿಸಿಲು ಕಣ್ಣಿಗೆ ಬೀಳದ ಹಾಗೆ ಉತ್ತರಕ್ಕೆ ತಿರುಗಿಸಿದರು. ಲಂಟಾನದ ಎಲೆ ಅಂಗೈಯಲ್ಲಿ ಹಿಸುಕಿ, ನನ್ನ ಸೋಪಿನ ವಾಸನೆ ಹೋಗಲೆಂದು ಪಟ್ಟಿಗೆಲ್ಲ ಉಜ್ಜಿದರು. ಕಾಲುದಾರಿಗೆ ಅಡ್ಡಲಾಗಿ ಬಿದ್ದ ಒಂದು ಕೊಂಬೆಯನ್ನು ತೋರಿಸಿ, ಜಿಂಕೆಯಾದರೆ ದಾಟುತ್ತದೆ, ಹಂದಿಯಾದರೆ ಅಡಿಯಲ್ಲಿ ನುಸುಳುತ್ತದೆ, ಎರಡೂ ಇಲ್ಲಿ ಒಂದು ಕ್ಷಣ ನಿಧಾನ ಮಾಡಲೇಬೇಕು, ಇಲ್ಲೇ ಕಟ್ಟು ಎಂದರು. ಆ ವಾರ ನನಗೆ ಮೊದಲ ಚುಕ್ಕೆ ಜಿಂಕೆ ಸಿಕ್ಕಿತು. ಕಿವಿ ಎರಡೂ ಬೇರೆ ಬೇರೆ ಕಡೆಗೆ ತಿರುಗಿದ್ದವು, ಒಂದು ಕಾಲು ಇನ್ನೂ ಗಾಳಿಯಲ್ಲಿತ್ತು. ನಾನು ಓದಿದ ಯಾವ ಪುಸ್ತಕದಲ್ಲೂ ಆ ಕೊಂಬೆ ಇರಲಿಲ್ಲ.

ಕಟ್ಟಿದ ಮೇಲೆ ಅವರದೊಂದು ಪರೀಕ್ಷೆ ಇತ್ತು. ಪಂಚೆ ಮೇಲೆತ್ತಿ ಕಟ್ಟಿ, ನಾಲ್ಕು ಕಾಲಿನಲ್ಲಿ, ತಲೆ ತಗ್ಗಿಸಿ ಕ್ಯಾಮೆರಾದ ಮುಂದೆ ಹಾದುಹೋಗುವರು. ಪೆಟ್ಟಿಗೆಯ ಕೆಂಪು ದೀಪ ಮಿನುಗಿದರೆ ಸರಿ. ಅದಕ್ಕೆ ಅವರಿಟ್ಟ ಹೆಸರು ಹಂದಿ ನಡಿಗೆ. ಹಾಗಾಗಿ ನನ್ನ ಪ್ರತಿ ಮೆಮೊರಿ ಕಾರ್ಡಿನ ಮೊದಲ ಫೋಟೋ ಯಜಮಾನರದೇ. ಬಿಳಿ ಮೀಸೆ, ಹೆಗಲ ಮೇಲಿಂದ ಜೋಲುವ ಟವೆಲ್ಲು, ಮುಖದಲ್ಲಿ ಪೂರ್ತಿ ಗಾಂಭೀರ್ಯ.

ಈ ಸಲದ ಆಯುಧಪೂಜೆಯ ದಿನ ಮೂರು ಕ್ಯಾಮೆರಾಗಳು ಕಾಡಿನಲ್ಲಿದ್ದವು. ಬ್ಯಾಟರಿ ಬದಲಿಸಲು ತಂದಿದ್ದ ನಾಲ್ಕನೆಯದು ಮನೆಯಲ್ಲಿತ್ತು. ಸ್ಕೂಟರಿಗೆ, ಮಿಕ್ಸಿಗೆ, ಲ್ಯಾಪ್‌ಟಾಪಿಗೆ ಇಟ್ಟ ಹಾಗೆ ಅದಕ್ಕೂ ಗಂಧ ಕಲಸಿ ಹಚ್ಚಿ, ಮೇಲೆ ಕುಂಕುಮ ಇಟ್ಟೆ. ಲೆನ್ಸಿಗೆ ತಾಗದಂತೆ ಜೋಪಾನ ಮಾಡಿದೆ, ಅದು ನನ್ನ ಓದಿನ ಜಾಣತನ. ಲೆನ್ಸಿನ ಹತ್ತಿರ ದುಂಡನೆಯ ಬಿಳಿ ಕಿಟಕಿಯೊಂದಿದೆ. ನೋಡಲು ಹಣೆಯ ಹಾಗೇ ಇದೆ. ಅಲ್ಲಿ ಹೆಬ್ಬೆರಳಿನಿಂದ ದಪ್ಪಗೆ ಒತ್ತಿದೆ. ಬಿಸಿ ಮೈಯನ್ನು ಗುರುತಿಸಿ ಕ್ಯಾಮೆರಾವನ್ನು ಎಬ್ಬಿಸುವುದು ಆ ಕಿಟಕಿಯೇ. ಅದು ನನಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ.

ಅದೇ ದಿನ ಮಧ್ಯಾಹ್ನ ಅದನ್ನು ಹಂದಿಗಳು ನೀರಿಗಿಳಿಯುವ ಕೊರಕಲಿನ ಬಾಯಿಗೆ ಕಟ್ಟಿದೆವು. ಯಜಮಾನರು ಹಬ್ಬಕ್ಕೆ ಹೊಸ ಪಂಚೆ ಉಟ್ಟಿದ್ದರು. ಹಂದಿ ನಡಿಗೆಗೆ ಬಗ್ಗಲು ಹೋದವರನ್ನು ನಾನೇ ತಡೆದೆ. "ಬೇಡ ಯಜಮಾನ್ರೇ, ಪಂಚೆ ಕೊಳೆಯಾಗುತ್ತೆ. ಇದು ಯಾವತ್ತೂ ಕೈ ಕೊಟ್ಟಿಲ್ಲ." ಅವರು ಒಮ್ಮೆ ಪೆಟ್ಟಿಗೆಯನ್ನು ನೋಡಿದರು, ಒಮ್ಮೆ ಪಂಚೆಯನ್ನು ನೋಡಿಕೊಂಡರು. ಆಮೇಲೆ ಬಂದುಬಿಟ್ಟೆವು.

ಹತ್ತು ದಿನದ ಮೇಲೆ ಕಾರ್ಡು ತೆಗೆದರೆ ಒಂದೂ ಫೋಟೋ ಇರಲಿಲ್ಲ. ಕುಂಕುಮ ಒಣಗಿ ಹಾಗೇ ಅಂಟಿಕೊಂಡಿತ್ತು. ಅದು ಅಳಿಯದೆ ಉಳಿದದ್ದನ್ನು ಕಂಡು ನನಗೆ ಸಂತೋಷವಾಯಿತು ಎಂಬುದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

"ಹಂದಿಗಳು ಈ ಕಡೆ ಬರೋದು ಬಿಟ್ಟಿವೆ. ಇನ್ನು ಭಯ ಇಲ್ಲ. ಒಳಗೆ ನೀರಿನ ಹತ್ತಿರಾನೇ ಕಟ್ಟೋಣ," ಎಂದೆ.

ಯಜಮಾನರು ಕುಕ್ಕರಗಾಲಿನಲ್ಲಿ ಕೂತು ನೆಲ ನೋಡುತ್ತಿದ್ದರು. ಕೆದಕಿದ ಮಣ್ಣನ್ನು ಬೆರಳಲ್ಲಿ ಉಜ್ಜಿದರು. "ಮಣ್ಣು ಇನ್ನೂ ಆರಿಲ್ಲ ಕಣಮ್ಮ. ಇಲ್ಲೇ ಅವೆ."

"ಹತ್ತು ದಿನದಲ್ಲಿ ಒಂದು ಫೋಟೋನೂ ಇಲ್ಲ. ನಾಯಿ ಕೆದಕಿರ್ಬೇಕು."

ಅವರು ಎದ್ದು ಕೈ ಒರೆಸಿಕೊಂಡರು. "ಆಯ್ತು. ಓದಿರೋ ಪೆಟ್ಟಿಗೆ ಹೇಳ್ತೈತೆ. ನಾನು ಮುಂದೆ ಇರ್ತೀನಿ, ನೀನು ಹಿಂದೆ ಬಾ."

ಇಪ್ಪತ್ತು ಹೆಜ್ಜೆ ಹೋಗಿರಬೇಕು. ಎರಡೂ ಕಡೆ ಲಂಟಾನ, ಎಡಕ್ಕೆ ಸೊಂಟದೆತ್ತರದ ಬಂಡೆ. ಬೆಂಚು ಎಳೆದ ಸದ್ದು ಕೇಳಿತು. ಅವರ ಕೈ ಹಿಂದಕ್ಕೆ ಬಂದು ನನ್ನ ಎದೆಗೆ ತಾಗಿ ನಿಲ್ಲಿಸಿತು. "ಬಂಡೆ ಹತ್ತು," ಎಂದರು. ಕೂಗಲಿಲ್ಲ. ಮನೆಗೆ ಬಂದವರಿಗೆ ಕೂತ್ಕೋ ಎನ್ನುವ ದನಿ. ನಾನು ನಿಂತೇ ಇದ್ದೆ. ಅವರೇ ನನ್ನ ತೋಳು ಹಿಡಿದು ಬಂಡೆಯ ಮೇಲೆ ಎಸೆದ ಹಾಗೆ ನೂಕಿದರು. ಆ ಹೊತ್ತಿನಲ್ಲಿ ಅವರು ತಾವು ಹತ್ತಬಹುದಿತ್ತು. ಎಷ್ಟು ಸಲ ನೆನೆದರೂ ಅಲ್ಲಿ ಒಬ್ಬರಿಗೇ ಆಗುವಷ್ಟು ಹೊತ್ತಿತ್ತು.

ಹಂದಿ ಪೊದೆಯಿಂದ ಬಂದದ್ದು ನಾನು ನೋಡಲಿಲ್ಲ, ಪೊದೆಯೇ ಮುಂದೆ ಬಂದ ಹಾಗಿತ್ತು. ಯಜಮಾನರು ಓಡಲಿಲ್ಲ. ಹೆಗಲ ಟವೆಲ್ಲನ್ನು ಎಳೆದು, ತೋಳು ಪೂರ್ತಿ ಪಕ್ಕಕ್ಕೆ ಚಾಚಿ, ಇಳಿಬಿಟ್ಟು ಅಲ್ಲಾಡಿಸಿದರು. ಮೈ ಮಾತ್ರ ಕಂಬದ ಹಾಗೆ. ಹಂದಿ ಅಲ್ಲಾಡಿದ್ದರ ಮೇಲೆ ಹೋಯಿತು. ಟವೆಲ್ಲು ಅದರ ಮೂತಿಗೆ ಸಿಕ್ಕಿಕೊಂಡಿತು. ತಲೆ ಕೊಡವಿ ತಿರುಗುವಾಗ ಕೋರೆ ಅವರ ತೊಡೆಗೆ ತಾಗಿತು. ಹಿಂದೆಯೇ ಒಂದು ಹೆಣ್ಣು, ಅದರ ಹಿಂದೆ ಮರಿಗಳು ಕೊರಕಲು ದಾಟಿ ಹೋದವು. ಎಲ್ಲ ಸೇರಿ ನಾಲ್ಕು ಉಸಿರಿನಷ್ಟು ಹೊತ್ತು. ದೂರದಲ್ಲಿ ಮೈಸೂರಿನ ರೈಲು ಕೂಗಿತು.

ಅವರು ಮೆಲ್ಲಗೆ ಕೂತರು. ಪಂಚೆ ಕೆಂಪಾಗುತ್ತಿತ್ತು. "ವೇಲ್ ಕೊಡು. ಗಾಯದ ಮೇಲೆ ಮಡಚಿಟ್ಟು ಬಿಗಿಯಾಗಿ ಕಟ್ಟು. ಇನ್ನೂ ಬಿಗಿ. ನೋವಾಗ್ಲಿ ಪರ್ವಾಗಿಲ್ಲ." ಗಂಟು ಜಾರಿತು. ಅವರ ಕೈ ನನ್ನ ಕೈ ಮೇಲೆ ಬಂದು ಒತ್ತಿ ಹಿಡಿಯಿತು. ಕಟ್ಟಿ ಮುಗಿದ ಮೇಲೆ, "ಟವಲ್ ಎಲ್ಲೋಯ್ತು?" ಎಂದರು.

ನನ್ನ ಭುಜಕ್ಕೆ ಆತುಕೊಂಡು ರಸ್ತೆಯವರೆಗೆ ನಡೆದೇ ಬಂದರು. ಕೆಂಗೇರಿಯ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಎರಡು ಬೆರಳು ಒಳಗೆ ತಾಗಿದ್ದರೆ ದೊಡ್ಡ ರಕ್ತನಾಳ, ಇಲ್ಲಿಗೆ ತರುವ ಕೆಲಸವೇ ಇರುತ್ತಿರಲಿಲ್ಲ ಎಂದರು. ಅಷ್ಟರಲ್ಲಿ ಯಜಮಾನರ ಹೆಂಡತಿ ಬಂದರು. ಗಂಡನನ್ನು ಮೇಲಿಂದ ಕೆಳಗೆ ನೋಡಿದರು. "ಹಂದಿ ನಡಿಗೆ ನಡ್ದು ನಡ್ದು, ಕೊನೆಗೆ ನೆಂಟ್ರೇ ಬಂದು ಮಾತಾಡ್ಸಿದ್ರು," ಎಂದರು. ಆಮೇಲೆ ಗೋಡೆಗೆ ತಿರುಗಿ ಸೆರಗಿನಿಂದ ಮುಖ ಒತ್ತಿಕೊಂಡರು.

ಸಂಜೆ ಮನೆಗೆ ಬಂದು, ಬಿಚ್ಚಿ ಚೀಲಕ್ಕೆ ಹಾಕಿದ್ದ ಆ ಕ್ಯಾಮೆರಾವನ್ನು ಊಟದ ಮೇಜಿನ ಮೇಲಿಟ್ಟೆ. ಮುಂದೆ ನಡೆದೆ. ದೀಪ ಮಿನುಗಲಿಲ್ಲ. ಬಗ್ಗಿ ನಡೆದೆ. ಇಲ್ಲ. ಒದ್ದೆ ಬಟ್ಟೆಯಿಂದ ಆ ಬೊಟ್ಟನ್ನು ಉಜ್ಜಿ ತೆಗೆದು ಮತ್ತೆ ನಡೆದೆ. ಕೆಂಪು ದೀಪ ಮಿನುಗಿತು. ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ನೆಲದ ಮೇಲೆ ಕೂತೆ.

ಹೇಳದೆ ಇರಬಹುದಿತ್ತು. ಮೂರು ದಿನ ಹೇಳಲೂ ಇಲ್ಲ. ನಾಲ್ಕನೆಯ ದಿನ ಹೋಗಿ, ಮಂಚದ ಮೇಲೆ ಕಾಲು ಚಾಚಿ ಕೂತಿದ್ದ ಅವರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಚಾಚಿದ ಕಾಲನ್ನು ಎರಡೂ ಕೈಯಿಂದ ಸ್ವಲ್ಪ ಸರಿಸಿಕೊಂಡರು.

"ಕಟ್ಟೋವಾಗ್ಲೇ ಕಂಡಿದ್ದೆ ಕಣಮ್ಮ. ಪೂಜೆ ಕುಂಕುಮ, ಒರ್ಸಾಕೆ ಮನ್ಸು ಬರ್ನಿಲ್ಲ. ನಡ್ದಾದ್ರೂ ನೋಡ್ಬೇಕಿತ್ತು. ಪಂಚೆ ಆಸೆಗೆ ಬಿಟ್ಟೆ."

"ಆ ಪಂಚೆ ತಂದೋಳು ನಾನು. ಅದನ್ನೂ ನನ್ ಮೇಲೇ ಹಾಕಿ," ಎಂದು ಒಳಗಿನಿಂದ ಅವರ ಹೆಂಡತಿಯ ದನಿ ಬಂತು.

ನನ್ನನ್ನು ಕೊರೆಯುತ್ತಿದ್ದ ಇನ್ನೊಂದು ಮಾತು ಕೇಳಿದೆ. ಹಂದಿಗಳು ಅಲ್ಲೇ ಇವೆ ಎಂದು ಗೊತ್ತಿದ್ದೂ ಯಾಕೆ ಒಳಗೆ ಹೋದಿರಿ?

"ನಾನು ಬೇಡ ಅಂದಿದ್ರೆ ಇನ್ನೊಂದಿನ ನೀನೊಬ್ಳೇ ಬಂದು ಹೋಗಿರೋಳು," ಎಂದರು. "ನಿನ್ ಮಾತೇ ಸರಿ ಇದ್ರೂ ಇರ್ಬೋದು. ಇಲ್ದಿದ್ರೆ ಮುಂದೆ ನಾನು ಇರ್ಬೇಕಲ್ಲ."

ನಾನು ಎದ್ದು ಬಂದೆ. ಆಮೇಲಿನ ಎರಡು ತಿಂಗಳು ಕಾಡಿಗೆ ಹೋಗಲಿಲ್ಲ. ಅವರಿಗೆ ಫೋನ್ ಮಾಡುತ್ತಿದ್ದೆ. ಬಾ ಎಂದು ಅವರು ಒಮ್ಮೆಯೂ ಕರೆಯಲಿಲ್ಲ. ಕೊಂಬೆ ಹತ್ತಿರ ಜಿಂಕೆ ಹೆಜ್ಜೆ ಕಂಡೆ, ಜೊತೆಗೆ ಮರಿ ಹೆಜ್ಜೆಯೂ ಇತ್ತು ಎಂದಷ್ಟೇ ಹೇಳುತ್ತಿದ್ದರು. ಹೊಲಿಗೆ ಬಿಚ್ಚಿದ ಮೇಲೆ ಕೋಲು ಊರಿಕೊಂಡು ಹೋಗಿ ನೋಡಿ ಬಂದಿದ್ದರು.

ಕಳೆದ ಭಾನುವಾರ ಹೋದೆ. ಕೊರಕಲಿನ ಕಡೆಗಲ್ಲ, ಆ ಕೊಂಬೆಯ ಹತ್ತಿರ. ಒಂದು ಓತಿಕ್ಯಾತ ಎಲೆ ಅಲ್ಲಾಡಿಸಿದ್ದಕ್ಕೆ ನಾನು ಎರಡು ಸಲ ಬಂಡೆ ಹುಡುಕಿದೆ. ಅವರು ಕಂಡೂ ಕಾಣದ ಹಾಗೆ ಕ್ಯಾಮೆರಾ ಕಟ್ಟಿದರು, ಎಲೆ ಉಜ್ಜಿದರು. ಬಿಳಿ ಕಿಟಕಿಯನ್ನು ಪಂಚೆಯ ಅಂಚಿನಿಂದ ಒರೆಸಿದರು. ಆಮೇಲೆ ಮಂಡಿ ಬಗ್ಗಿಸಲು ನೋಡಿದರು. ತೊಡೆ ಒಪ್ಪಲಿಲ್ಲ.

ನಾನು ಕೈಚೀಲ ಅವರಿಗೆ ಕೊಟ್ಟು ನೆಲಕ್ಕೆ ಕೈ ಊರಿದೆ.

"ತಲೆ ತಗ್ಸು," ಎಂದರು ಹಿಂದಿನಿಂದ. "ಇನ್ನೂ. ಕಾಲೇಜಿಗೆ ಹೊಂಟಂಗೆ ಹೋಗ್ತಿದೀಯಲ್ಲವ್ವ, ಇದನ್ನ ನೋಡಿ ಯಾವ ಹಂದಿ ನಂಬ್ತದೆ."

ದೀಪ ಮಿನುಗಿತು. ಈ ಕಾರ್ಡಿನ ಮೊದಲ ಫೋಟೋ ನನ್ನದು.