ಟೋಗೋದಲ್ಲಿ ಹಾಲುತುಪ್ಪ

ಸಾತನೂರು ಹತ್ತಿರದ ಹಳ್ಳಿಯ ಸಿದ್ದಮ್ಮ ಅರವತ್ತು ದಾಟಿದ ಮೇಲೆ ಪಾಸ್‌ಪೋರ್ಟ್ ಮಾಡಿಸಿದಳು. ವಿಚಾರಣೆಗೆ ಬಂದ ಪೊಲೀಸು, "ಎಲ್ಲಿಗಮ್ಮ, ಕಾಶಿಗಾ? ಅದಕ್ಕೆ ಇದು ಬೇಕಾಗಿಲ್ಲ" ಎಂದು ನಕ್ಕ.

"ಕಾಶಿಗಲ್ಲ ಕಣಪ್ಪ, ಟೋಗೋಗೆ. ನನ್ನ ಮಗನ್ನ ಅಲ್ಲಿ ಮಣ್ಣು ಮಾಡವ್ರೆ."

ಅವನು ಹೆಬ್ಬೆಟ್ಟು ಒತ್ತಿಸಿಕೊಂಡು, ಕೊಟ್ಟ ಕಾಫಿಯನ್ನೂ ಕುಡಿಯದೆ ಹೊರಟ.

ಸಿದ್ದಮ್ಮನಿಗೆ ಇದ್ದವನು ಒಬ್ಬನೇ ಮಗ, ಕೆಂಪರಾಜು. ಕನಕಪುರದ ಕಡೆ ಕಲ್ಲು ಕ್ವಾರಿಯಲ್ಲಿ ಬಂಡೆ ಕೊಯ್ಯುವ ಮಿಷಿನ್ನು ನಡೆಸುತ್ತಿದ್ದ. ಜೊತೆಯಲ್ಲಿ ಚನ್ನಪಟ್ಟಣದ ಸಾದಿಕ್ ಇದ್ದ. ಪಶ್ಚಿಮ ಆಫ್ರಿಕಾದ ಟೋಗೋದಲ್ಲಿ ಇದೇ ಕೆಲಸ ಬಲ್ಲವರು ಬೇಕೆಂದು ಕರೆ ಬಂದಾಗ ಇಬ್ಬರೂ ಒಟ್ಟಿಗೆ ಹೋದರು. ಕೆಂಪರಾಜುಗೆ ಆಗಿನ್ನೂ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮುಂದೆ ಕರೆಸಿಕೊಳ್ಳುತ್ತೇನೆಂದು ಹೆಂಡತಿ ಜ್ಯೋತಿಲಕ್ಷ್ಮಿಗೂ ಪಾಸ್‌ಪೋರ್ಟ್ ಮಾಡಿಸಿಟ್ಟೇ ಹೋದ. ಅಲ್ಲಿಂದ ಫೋನು ಮಾಡಿ ತಾಯಿಗೆ ಆ ದೇಶವನ್ನು ವರ್ಣಿಸುತ್ತಿದ್ದ. "ಕಡಲ ದಡದಾಗೆ ಈ ದೇಸದ ಅಗಲ ಬೆಂಗಳೂರಿಂದ ಕನಕಪುರದಷ್ಟೇ ಕಣವ್ವ. ಬೆಳಗ್ಗೆ ಬಸ್ಸತ್ತಿದ್ರೆ ಮಧ್ಯಾಹ್ನದೊಳಗೆ ಇನ್ನೊಂದು ದೇಸ."

ಕೊರೋನಾ ಬಂದ ವರ್ಷ ಅವನಿಗೆ ಮಲೇರಿಯಾ ಮೆದುಳಿಗೇರಿತು. ಆಸ್ಪತ್ರೆಗೆ ಸೇರಿಸಿದ ಎರಡೇ ದಿನದಲ್ಲಿ ಸತ್ತ. ಆಗ ವಿಮಾನಗಳು ಹಾರುತ್ತಿರಲಿಲ್ಲ. ಕಂಪನಿಯವರು ಕಲ್ಲು ರಾಶಿ ಹಾಕುತ್ತಿದ್ದ ಬಯಲು ಕಡಲ ಪಕ್ಕದ ಒಂದು ಹಳ್ಳಿಯಲ್ಲಿತ್ತು. ಆ ಹಳ್ಳಿಯ ಮರಳು ಸ್ಮಶಾನದಲ್ಲಿ ಸಾದಿಕ್ ಮುಂದೆ ನಿಂತು ಗುಂಡಿ ತೋಡಿಸಿದ. ಅಲ್ಲಿಂದಲೇ ಫೋನು ಮಾಡಿ, "ಅಮ್ಮಾ, ನಿಮ್ಮ ಕಡೆ ತಲೆ ಯಾವ ದಿಕ್ಕಿಗೆ ಇಡ್ತಾರೆ?" ಎಂದು ಕೇಳಿದ. ಸಿದ್ದಮ್ಮ ಎದೆ ಬಡಿದುಕೊಳ್ಳುವುದನ್ನು ನಿಲ್ಲಿಸಿ, "ತೆಂಕ್ಲಾಗೆ ಮಡಗಪ್ಪ" ಅಂದಳು.

ಮಣ್ಣು ಮಾಡಿದ ಜಾಗಕ್ಕೆ ಹೋಗಿ ಹಾಲುತುಪ್ಪ ಬಿಡಬೇಕಲ್ಲ. ಇಲ್ಲಿ ಗುಡ್ಡೆಯೇ ಇಲ್ಲ. ನೆಂಟರು ಹೊಲದ ಮೂಲೆಯಲ್ಲಿ ಅವನದೊಂದು ಅಂಗಿ ಹೂತು, ಮಣ್ಣೇರಿಸಿ, ಅದರ ಮೇಲೆ ಬಿಡಿಸಿದರು. ಎಲ್ಲರೂ ಉಂಡು ಹೋದರು. "ಅಂಗಿಗೆ ಬುಟ್ಟೆ. ನನ್ನ ಮಗಂಗೆ ಬುಡ್ಲಿಲ್ಲ" ಎಂದು ಸಿದ್ದಮ್ಮ ಆವತ್ತು ಅಂದಿದ್ದನ್ನು ಮತ್ತೆ ಮತ್ತೆ ಅನ್ನುತ್ತಲೇ ಇದ್ದಳು.

ಜ್ಯೋತಿಲಕ್ಷ್ಮಿ ಕನಕಪುರದ ತವರಿಗೆ ಹೋದಳು. ಕೆಲವು ವರ್ಷದ ಮೇಲೆ ಅದೇ ಊರಿನ ಮಧುಕುಮಾರ್ ಎಂಬವನನ್ನು ಮದುವೆಯಾದಳು. ಅವನು ಪೈಪು, ಮೋಟಾರು ಮಾರುವ ಅಂಗಡಿ ಇಟ್ಟುಕೊಂಡಿದ್ದ. ಸಿದ್ದಮ್ಮ ಮದುವೆಗೆ ಹೋಗಲಿಲ್ಲ. ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಸೊಸೆ ಎದುರಾದಾಗ ಮುಖ ತಿರುಗಿಸಿದಳು.

ಈ ಬೇಸಿಗೆಯಲ್ಲಿ ಸಾದಿಕ್ ರಜಕ್ಕೆ ಬಂದವನು ಹಳ್ಳಿಗೆ ಬಂದು ಕುಳಿತ. ಬಂದ ಸುದ್ದಿ ಒಳ್ಳೆಯದಾಗಿರಲಿಲ್ಲ. ಟೋಗೋದ ಆ ದಡವನ್ನು ಕಡಲು ವರ್ಷವರ್ಷಕ್ಕೂ ತಿನ್ನುತ್ತಿದೆ. ಸ್ಮಶಾನದ ಮುಂದಿನ ಸಾಲು ಆಗಲೇ ಹೋಯಿತು. ಹಳ್ಳಿಯವರು ತಮ್ಮ ತಮ್ಮವರ ಮೂಳೆ ತೆಗೆದು ಒಳಗಡೆಯ ಹೊಸ ಸ್ಮಶಾನದಲ್ಲಿ ಇಡುತ್ತಿದ್ದಾರೆ. ಹೊರಗಿನವರ ಗುಂಡಿಯನ್ನು ಮಾತ್ರ ಮುಟ್ಟುವುದಿಲ್ಲ.

"ಮನೆಯವರು ಯಾರಾದ್ರೂ ಬಂದು ನಿಂತ್ರೆ ಮಾತ್ರ ತೆಗೀತೀವಿ ಅಂತಾರೆ ಅಮ್ಮ. ನಾನು ಎಷ್ಟು ಕೇಳಿದ್ರೂ ಒಪ್ಲಿಲ್ಲ. ನಾನು ಅವನ ಮನೆಯವನಲ್ಲವಲ್ಲ."

"ನಾನು ಬತ್ತೀನಿ" ಅಂದಳು ಸಿದ್ದಮ್ಮ.

ಟಿಕೆಟ್ಟು, ವೀಸಾ ಎರಡನ್ನೂ ಕಂಪನಿಯಿಂದ ಮಾಡಿಸುವ ಜವಾಬ್ದಾರಿ ಸಾದಿಕ್ ಹೊತ್ತುಕೊಂಡ. ಪಾಸ್‌ಪೋರ್ಟ್ ಕೈಗೆ ಬಂತು. ಉಳಿದಿದ್ದು ಹಳದಿ ಜ್ವರದ ಸೂಜಿ. ಅದನ್ನು ಹಾಕಿಸಿಕೊಳ್ಳದೆ ಆ ದೇಶದೊಳಗೆ ಬಿಡುವುದಿಲ್ಲ. ಇಬ್ಬರೂ ಬೆಂಗಳೂರಿಗೆ ಹೋದರು. ಡಾಕ್ಟರಮ್ಮ ಏನೇನು ಮಾತ್ರೆ ತಗೊಳ್ಳುತ್ತೀರಿ ಎಂದು ಕೇಳಿದಾಗ ಸಿದ್ದಮ್ಮ ಚೀಲದಿಂದ ಕೀಲುವಾತದ ಮಾತ್ರೆಯ ಹಾಳೆ ತೆಗೆದು ಕೊಟ್ಟಳು. ಡಾಕ್ಟರಮ್ಮ ಅದನ್ನು ತಿರುಗಿಸಿ ನೋಡಿ ತಲೆಯಾಡಿಸಿದರು.

"ಇದು ಮೈಯ ರೋಗ ತಡೆಯೋ ಶಕ್ತಿ ಕುಗ್ಗಿಸೋ ಮಾತ್ರೆ. ಇದನ್ನ ತಗೊಳ್ಳೋರಿಗೆ ಈ ಲಸಿಕೆ ಹಾಕೋ ಹಂಗಿಲ್ಲಮ್ಮ. ನಿಮ್ಮ ವಯಸ್ಸಿಗಂತೂ ಜೀವಕ್ಕೇ ಅಪಾಯ."

"ಹೋದ್ರೆ ಹೋಯ್ತದೆ. ಹಾಕ್ಬುಡಿ."

"ನಾನು ಹಾಕಲ್ಲ. ಬೇಕಾದ್ರೆ ವಿನಾಯಿತಿ ಚೀಟಿ ಬರೆದುಕೊಡಬಹುದು. ಆದ್ರೆ ಅಲ್ಲಿನ ಸೊಳ್ಳೆ ಚೀಟಿ ನೋಡಲ್ಲ. ನಿಮ್ಮನ್ನೂ ಅಲ್ಲೇ ಮಣ್ಣು ಮಾಡಬೇಕಾಗ್ತದೆ."

ಇಬ್ಬರೂ ವಾಪಸ್ಸು ಬಸ್ಸು ಹತ್ತಿದರು. ಹಾರೋಹಳ್ಳಿ ದಾಟಿದ ಮೇಲೆ ಸಿದ್ದಮ್ಮ, "ನಾನೂ ಅಲ್ಲೇ ಬಿದ್ರೆ ಅವನ್ನ ಎತ್ತೋರ್ಯಾರು? ಕನಕಪುರದಾಗೆ ಇಳಿಯಣ. ಅವಳತ್ರ ಪಾಸ್‌ಪೋರ್ಟ್ ಐತೆ" ಅಂದಳು.

ಜ್ಯೋತಿಲಕ್ಷ್ಮಿ ಗಂಡನ ಅಂಗಡಿಯಲ್ಲಿದ್ದಳು. ಅತ್ತೆಯನ್ನು ಕಂಡು ಎದ್ದು ನಿಂತಳು. ಸಿದ್ದಮ್ಮ ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ವಿಷಯವನ್ನೆಲ್ಲ ಹೇಳಿ, "ನಾನು ನಿನ್ನ ಮದ್ವೆಗೆ ಬರ್ಲಿಲ್ಲ. ನಿನ್ನ ಕೇಳಕ್ಕೆ ನಂಗೆ ಮುಖ ಇಲ್ಲ. ಆದ್ರೂ ಕೇಳ್ತಾ ಇವ್ನಿ" ಅಂದಳು.

ಜ್ಯೋತಿಲಕ್ಷ್ಮಿಯ ಕಣ್ಣು ತುಂಬಿತು. "ಹೋಗ್ತೀನತ್ತೆ. ಅವ್ರನ್ನ ಒಂದು ಮಾತು ಕೇಳ್ಬೇಕು."

ಆ ಒಂದು ಮಾತಿಗೆ ಎರಡು ವಾರ ಹಿಡಿಯಿತು. ಮಧುಕುಮಾರ್ ಕೆಟ್ಟವನಲ್ಲ. ಆದರೆ ಹೆಂಡತಿಯ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಗಂಡನ ಹೆಸರು ಕೆಂಪರಾಜು ಎಂದು ಅಚ್ಚಾಗಿರುವುದನ್ನು ನೋಡಿದಾಗ ಅವನ ಮುಖ ಸಣ್ಣದಾಯಿತು. "ಈಗ್ಲೂ ಅವನ ಹೆಂಡ್ತಿ ಅಂತಾನೇ ಹೋಯ್ತೀಯಾ?" ಎಂದು ಕೇಳಿದ. ಅವಳು, "ಆ ಊರಿನವರಿಗೆ ಬೇಕಾಗಿರೋದು ಅದೇ ಅಲ್ವಾ?" ಅಂದಳು. ಕೊನೆಗೊಂದು ದಿನ ಅವನೇ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಬೆಂಗಳೂರಿಗೆ ಹೋಗಿ ಸೂಜಿ ಹಾಕಿಸಿ ಕರೆತಂದ. ಸೂಜಿ ಹಾಕಿಸಿ ಹತ್ತು ದಿನ ಕಳೆದ ಮೇಲೆಯೇ ಅಲ್ಲಿ ಕೊಟ್ಟ ಲಸಿಕೆಯ ಕಾಗದಕ್ಕೆ ಬೆಲೆ. ಅಲ್ಲಿವರೆಗೂ ಕಾಯಬೇಕಿತ್ತು.

ಆ ದಿನಗಳಲ್ಲಿ ಜ್ಯೋತಿಲಕ್ಷ್ಮಿ ಹಳ್ಳಿಗೆ ಎರಡು ಸಲ ಬಂದಳು. ಸಿದ್ದಮ್ಮ ಮನೆಯಲ್ಲಿ ಸಾಕಿದ್ದ ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಲೇ ಅತ್ತೆ ಸೊಸೆ ಪ್ರಯಾಣದ ಮಾತಾಡಿದರು. ಸಿದ್ದಮ್ಮ ಬೆಣ್ಣೆ ಕಾಯಿಸಿ ತುಪ್ಪ ಮಾಡಿದಳು. ಸಾದಿಕ್ ಫೋನಿನಲ್ಲಿ, "ತುಪ್ಪ ಕೈಚೀಲದಲ್ಲಿ ಬಿಡಲ್ಲ ಅಮ್ಮ, ದೊಡ್ಡ ಬ್ಯಾಗಿಗೆ ಹಾಕಿ. ಹಾಲು ಅಲ್ಲಿ ಪುಡಿಯದೇ ಜಾಸ್ತಿ" ಅಂದ.

"ಪುಡಿ ಹಾಲಾ?" ಸಿದ್ದಮ್ಮ ಸೊಸೆಯ ಕಡೆ ನೋಡಿದಳು. "ಆಗ್ಲಿ ಬುಡು. ಹಾಲೇ ಅಲ್ವಾ." ಮಡಿಸಿಟ್ಟಿದ್ದ ಬಿಳಿ ಪಂಚೆ ಕೊಟ್ಟಳು. "ಮೂಳೆ ಕೆಳಗೆ ಇಡಬ್ಯಾಡ. ಇದ್ರಾಗೆ ಸುತ್ತು. ಹೆದ್ರಿಕೊಂಡೀಯ."

"ಹೆದ್ರಲ್ಲತ್ತೆ. ಅವ್ರ ಮುಖ ನಾನೂ ಕೊನೇಲಿ ನೋಡ್ಲಿಲ್ಲವಲ್ಲ."

ಸಾದಿಕ್ ಜೊತೆ ಅವಳಿಗೂ ಟಿಕೆಟ್ಟು ಮುಂದಿನ ಮಂಗಳವಾರಕ್ಕೆ ಆಗಿತ್ತು. ಶನಿವಾರ ಸಾದಿಕ್ ತಾನೇ ಬಂದ. ಫೋನು ಮಾಡದೆ ಬಂದಿದ್ದಾನೆಂದರೆ ಏನೋ ಆಗಿದೆ ಎಂದು ಸಿದ್ದಮ್ಮನಿಗೆ ಅನ್ನಿಸಿತು. ಬ್ಯಾಗು ಜೋಡಿಸಲು ಬಂದಿದ್ದ ಜ್ಯೋತಿಲಕ್ಷ್ಮಿಯೂ ಅಲ್ಲೇ ಇದ್ದಳು. ಸಾದಿಕ್ ಜಗುಲಿಯಲ್ಲಿ ಕುಳಿತು ತಲೆ ಎತ್ತದೆ ಹೇಳಿದ. ಗುರುವಾರ ಕಡಲು ಉಕ್ಕಿ ಬಂತು. ಸ್ಮಶಾನದಲ್ಲಿ ಉಳಿದಿದ್ದಷ್ಟೂ ಹೋಯಿತು. ಅಲ್ಲಿಯ ಕಾವಲುಗಾರ ವಿಡಿಯೋ ಕಳಿಸಿದ್ದಾನೆ.

ಸಿದ್ದಮ್ಮ ನೋಡಿದಳು. ಬುಡ ಕಿತ್ತ ತೆಂಗಿನ ಮರ, ಮುರಿದ ಶಿಲುಬೆಗಳು, ಕಂದು ನೀರು.

"ನನ್ನ ಮಗ ಯಾವ ಕಡೆ ಇದ್ದ?"

ಸಾದಿಕ್ ಬೆರಳಿಂದ ನೀರು ತೋರಿಸಿದ. ಅಲ್ಲಿ ಅಲೆ ಏಳುತ್ತಿತ್ತು.

ಸಿದ್ದಮ್ಮ ಅಳಲಿಲ್ಲ. ಸೊಸೆಯ ಕಡೆ ತಿರುಗಿದಳು. "ನಾನು ಕೇಳಿದ ದಿನವೇ ಸೂಜಿ ಚುಚ್ಚಿಸ್ಕೊಂಡಿದ್ರೆ ಇಷ್ಟೊತ್ತಿಗೆ ಅವನು ಮೇಲೆ ಬಂದಿರೋನು. ಹೊಸ ಗಂಡನ ಮುಖ ನೋಡ್ಕೊಂಡು ಕುಂತೆ. ನೀನೇ ನೀರಿಗೆ ಬುಟ್ಟೆ ನನ್ನ ಮಗನ್ನ."

"ಅಮ್ಮಾ, ಹಂಗನ್ಬೇಡಿ" ಎಂದು ಸಾದಿಕ್ ಎದ್ದ. ಜ್ಯೋತಿಲಕ್ಷ್ಮಿ ಚಪ್ಪಲಿ ಮೆಟ್ಟಿಕೊಂಡು ಬಸ್ಸಿನ ದಾರಿ ಹಿಡಿದಳು. ಟಿಕೆಟ್ಟನ್ನು ಸಾದಿಕ್ ರದ್ದು ಮಾಡಿಸಿದ. ಮುಂದಿನ ತಿಂಗಳು ಒಬ್ಬನೇ ಕೆಲಸಕ್ಕೆ ವಾಪಸ್ಸು ಹೋದ.

ಸಿದ್ದಮ್ಮ ಆ ಸಲದ ರೇಷ್ಮೆಹುಳು ಗೂಡು ಕಟ್ಟುವವರೆಗೆ ಮನೆ ಬಿಟ್ಟು ಹೊರಡಲಿಲ್ಲ. ಊಟ ಸರಿಯಾಗಿ ಮಾಡಲಿಲ್ಲ. ಆಮೇಲೆ ಒಂದು ಬೆಳಗ್ಗೆ ಕನಕಪುರದ ಬಸ್ಸು ಹತ್ತಿದಳು. ಅಂಗಡಿಯಲ್ಲಿ ಮಧುಕುಮಾರ್ ಇದ್ದ. "ಕೂತ್ಕೊಳಿ" ಎಂದು ಕುರ್ಚಿ ಎಳೆದು, ಹೆಂಡತಿಯನ್ನು ಕರೆದು, ತಾನು ಹೊರಗೆ ಹೋದ. ಜ್ಯೋತಿಲಕ್ಷ್ಮಿ ನೀರು ತಂದುಕೊಟ್ಟಳು.

"ನಾನು ಹಂಗನ್ಬಾರ್ದಿತ್ತು" ಅಂದಳು ಸಿದ್ದಮ್ಮ.

"ಅಂದ್ಬುಟ್ರಲ್ಲತ್ತೆ." ಜ್ಯೋತಿಲಕ್ಷ್ಮಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ದಿನಾ ಅದೇ ಕೇಳಿಸ್ತದೆ. ನಂಗೂ ಹಂಗೇ ಅನ್ನಿಸ್ತದೆ."

ಇಬ್ಬರೂ ಅಂಗಡಿಯೊಳಗೆ ಪೈಪುಗಳ ನಡುವೆ ಬಹಳ ಹೊತ್ತು ಕುಳಿತಿದ್ದರು. ಸಾತನೂರಿನ ಬಸ್ಸು ಬಂದಾಗ ಜ್ಯೋತಿಲಕ್ಷ್ಮಿ ಅವಳ ತೋಳು ಹಿಡಿದು ಮೆಟ್ಟಿಲು ಹತ್ತಿಸಿದಳು. ಮತ್ತೆ ಬನ್ನಿ ಎಂದು ಅನ್ನಲಿಲ್ಲ.