ಹೊರಗೆ ಕಳೆದ ರಾತ್ರಿಗಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಜನಸಂಖ್ಯೆಯ ಅಧ್ಯಯನವೊಂದಕ್ಕಾಗಿ ಗಂಡಸಿ ಸುತ್ತಿನ ಹಳ್ಳಿಗಳಲ್ಲಿ ಮನೆಮನೆ ಅಲೆಯುತ್ತಿದ್ದೆ. ಆರು ತಿಂಗಳಿಗೊಮ್ಮೆ ಅದೇ ಮನೆ, ಅದೇ ಪ್ರಶ್ನೆ: ಯಾರು ಹುಟ್ಟಿದರು, ಯಾರು ತೀರಿಕೊಂಡರು, ಯಾರು ಎಷ್ಟು ರಾತ್ರಿ ಮನೆಯಿಂದ ಹೊರಗಿದ್ದರು. ಕೊನೆಯದನ್ನು ಕೇಳಿದರೆ ಹೆಂಗಸರು ನಗುತ್ತಿದ್ದರು. ನನಗೂ ಅದು ಕೆಲಸವಿಲ್ಲದವರ ಪ್ರಶ್ನೆ ಅನ್ನಿಸುತ್ತಿತ್ತು.

ಒಂದು ಮನೆಯ ಹಿರಿಮಗ ಅರಸೀಕೆರೆಯಿಂದ ಉತ್ತರದ ಕಡೆಗೆ ಕೊಬ್ಬರಿ ಲಾರಿ ಓಡಿಸುತ್ತಿದ್ದ. ನಾನು ಎರಡನೇ ಸಲ ಹೋದಾಗ ಅವನು ತೀರಿಕೊಂಡಿದ್ದ.

"ಜ್ವರ ಬಂದಿತ್ತು ಕಣವ್ವಾ" ಎಂದಳು ತಾಯಿ.

ಮೂರನೇ ಸಲ ಅವನ ಹೆಂಡತಿಯೂ ಇರಲಿಲ್ಲ. ಅವಳಿಗೂ ಜ್ವರವಂತೆ. ಲಾರಿ ಈಗ ತಮ್ಮನ ಕೈಗೆ ಬಂದಿತ್ತು; ಅದಕ್ಕೂ ಮೊದಲು ಏಳೆಂಟು ವರ್ಷ ಅವನು ಅಣ್ಣನ ಜೊತೆ ಕ್ಲೀನರ್ ಆಗಿ ಹೋಗುತ್ತಿದ್ದ. ಅವನು ಜಗಲಿಯ ಮೇಲೆ ಕೂತು ಕೆಮ್ಮುತ್ತಿದ್ದ, ಅಂಗಿ ದೊಗಳೆಯಾಗಿತ್ತು. ಹೊರಗಿನ ರಾತ್ರಿಗಳ ಆ ಪ್ರಶ್ನೆಯನ್ನು ಯಾಕೆ ಕೇಳಿಸುತ್ತಾರೆಂದು ನನಗೆ ಆಗ ಅರ್ಥವಾಯಿತು. ಏಡ್ಸ್ ಎಂಬ ಮಾತನ್ನು ಅಲ್ಲಿ ಯಾರೂ ಆಡುತ್ತಿರಲಿಲ್ಲ. ನಾನೂ ಆಡಲಿಲ್ಲ.

ಅದೇ ತಿಂಗಳು ನಮ್ಮವ್ವ, ನನ್ನ ತಂಗಿಯನ್ನು ಕೇಳಿ ಬಂದಿದ್ದ ಗಂಡಿನ ಫೋಟೊ ತಂದು ನನ್ನ ಕೈಗಿಟ್ಟಳು. ಜಗಲಿಯ ಮೇಲೆ ಕೆಮ್ಮುತ್ತಿದ್ದ ಆ ತಮ್ಮನೇ.

"ಲಾರಿ ಸ್ವಂತದ್ದಂತೆ ಕಣೇ, ತೋಟನೂ ಐತೆ."

ಮನೆಗಳಲ್ಲಿ ಕೇಳಿದ್ದನ್ನು ಹೊರಗೆ ಬಾಯಿಬಿಡುವುದಿಲ್ಲವೆಂದು ನಾವೆಲ್ಲ ಸಹಿ ಮಾಡಿದ್ದೆವು. ಹಾಗಾಗಿ ಸುಳ್ಳು ಹೇಳಿದೆ. "ಮಹಾ ಕುಡುಕ ಕಣವ್ವಾ, ಆ ಕಡೆ ಎಲ್ಲಾರ್ಗೂ ಗೊತ್ತು" ಎಂದೆ. ಅವ್ವ ಫೋಟೊ ವಾಪಸ್ ಕಳಿಸಿದಳು. ತಂಗಿ ಉಳಿದಳು, ನಿಯಮವೂ ಉಳಿಯಿತು ಎಂದು ನನಗೆ ಹೆಮ್ಮೆಯೇ ಆಯಿತು. ಅವನಿಗೆ ಇನ್ನೊಂದು ಹೆಣ್ಣು ನೋಡುತ್ತಾರೆ ಎಂಬುದು ನನ್ನ ದರಿದ್ರ ತಲೆಗೆ ಹೊಳೆಯಲೇ ಇಲ್ಲ.

ನಾಲ್ಕನೇ ಸಲ ಹೋದಾಗ ಬಾಗಿಲು ತೆಗೆದವಳು ಹೊಸ ಸೊಸೆ, ಮಾದಿಹಳ್ಳಿಯ ಹುಡುಗಿ. ಕೈತುಂಬ ಹಸಿರು ಬಳೆ. "ಒಳಕ್ ಬನ್ನಿ ಅಕ್ಕಾ" ಎಂದು ಚಾಪೆ ಹಾಸಿದಳು. ವಯಸ್ಸು ಹತ್ತೊಂಬತ್ತು ಎಂದಳು. ನನ್ನ ತಂಗಿಗೂ ಅಷ್ಟೇ ಆಗಿತ್ತು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಒಳಗೆ ಯಾರೋ ಕೆಮ್ಮಿದರು. ನನ್ನ ಬಾಯಿಂದ ಬಂದದ್ದು ಫಾರಂನ ಪ್ರಶ್ನೆಯೇ.

"ನಿಮ್ಮೆಜಮಾನ್ರು ಎಷ್ಟು ರಾತ್ರಿ ಹೊರಗಿದ್ರು?"

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಮದ್ವೆ ಆದ್ಮೇಲೆ ಒಂದ್ ರಾತ್ರಿನೂ ಇಲ್ಲ ಅಕ್ಕಾ. ಸ್ವಲ್ಪ ಜ್ವರ, ಮನೇಲೇ ಅವ್ರೆ."

ಅವಳಿಗೆ ಅದು ಸಂತೋಷದ ವಿಷಯವಾಗಿತ್ತು. ನಾನು ಸೊನ್ನೆ ಬರೆದುಕೊಂಡು ಎದ್ದೆ.